ಇಲಿಯತ್ತೆ ಕೊಟ್ಟ ಪಾಲು

ಅಣ್ಣನ ಮಕ್ಕಳು ಅವಳಿಗೆ ಇಟ್ಟ ಹೆಸರು ಇಲಿಯತ್ತೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅತ್ತಿಗೆ ಮುಖ ಸಿಂಡರಿಸುತ್ತಿದ್ದಳು. ಇಲಿಯತ್ತೆಗೆ ಮಾತ್ರ ಒಳಗೊಳಗೇ ಖುಷಿ. ಮಾಡುವ ಕೆಲಸವನ್ನೇ ಹೆಸರು ಮಾಡಿ ಕರೆದರೆ ಅದರಲ್ಲಿ ಬೇಜಾರು ಮಾಡಿಕೊಳ್ಳುವುದೇನಿದೆ ಎನ್ನುತ್ತಿದ್ದಳು.

ಯಕೃತ್ತಿನ ಕಾಯಿಲೆ ಏಕೆ ಬರುತ್ತದೆ, ಬಾರದಂತೆ ತಡೆಯುವುದು ಹೇಗೆ ಎಂದು ಹುಡುಕುವ ಸಂಶೋಧನಾಲಯವೊಂದರಲ್ಲಿ ಅವಳ ಕೆಲಸ. ಕಟ್ಟಡದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಇಲಿಗಳ ಪಂಜರ, ಸದಾ ಗುಂಯ್ಗುಡುವ ಗಾಳಿಯಂತ್ರ, ಮರದ ಹೊಟ್ಟಿನ ವಾಸನೆ. ಮದುವೆಯಾದ ಹೊಸದರಲ್ಲಿ ಪಂಜರ ತೊಳೆಯಲು ಸೇರಿಕೊಂಡವಳು. ಎಂಥ ಹೊತ್ತಿನಲ್ಲೂ ಅವಳ ಕೈ ನಡುಗುವುದಿಲ್ಲ ಎಂಬುದನ್ನು ಗಮನಿಸಿದ ಪ್ರಯೋಗಗಳ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದು ಕರೆಯುವಾಕೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಸ್ತ್ರಕ್ರಿಯೆ ಕಲಿಸಿದ್ದರು.

ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ಸೀಳಿ, ಯಕೃತ್ತಿನ ಮೂರರಲ್ಲಿ ಎರಡು ಭಾಗಕ್ಕೆ ರೇಷ್ಮೆ ದಾರದ ಕುಣಿಕೆ ಬಿಗಿದು ಕತ್ತರಿಸಿ ತೆಗೆಯಬೇಕು. ಆರೋಗ್ಯವಂತ ಇಲಿಯಾದರೆ ಉಳಿದ ಚೂರು ತಾನಾಗಿಯೇ ಬೆಳೆದು, ಕೆಲವೇ ದಿನಗಳಲ್ಲಿ ಮೊದಲಿನ ತೂಕಕ್ಕೆ ಬಂದುಬಿಡುತ್ತದೆ. ಅದನ್ನು ಎಷ್ಟು ಸಲ ಕಂಡರೂ ಅವಳಿಗೆ ಸೋಜಿಗ. ಆದರೆ ಈಚೆಗೆ ನಡೆಯುತ್ತಿದ್ದ ಪ್ರಯೋಗ ಬೇರೆ. ಇಲಿಗಳಿಗೆ ತಿಂಗಳುಗಟ್ಟಲೆ ಕೊಬ್ಬಿನ ತಿಂಡಿ ತಿನ್ನಿಸಿ, ಸಕ್ಕರೆ ನೀರು ಕುಡಿಸಿ, ಯಕೃತ್ತಿನಲ್ಲಿ ಕೊಬ್ಬು ತುಂಬುವಂತೆ ಮಾಡುತ್ತಿದ್ದರು. ಅಂಥವುಗಳ ಹೊಟ್ಟೆ ತೆರೆದರೆ ಕೆಂಪಗಿರಬೇಕಾದ ಯಕೃತ್ತು ಹಳದಿಗಟ್ಟಿ, ಬೆಣ್ಣೆಯಂತೆ ಬೆರಳಿಗೆ ಜಾರುತ್ತಿತ್ತು. ಕತ್ತರಿಸಿದ ಮೇಲೆ ಅದು ಸರಿಯಾಗಿ ಬೆಳೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪಂಜರದ ಮೂಲೆಯಲ್ಲಿ ತಣ್ಣಗೆ ಬಿದ್ದ ಇಲಿಗಳನ್ನು ಎತ್ತಿ ಹಾಕುವುದೂ ಅವಳದೇ ಕೆಲಸವಾಗಿತ್ತು.

ಅಣ್ಣನದು ಗಡಿಯಾರ ರಿಪೇರಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಪಕ್ಕದಂಗಡಿಯ ಬಾಟಲಿ ಜ್ಯೂಸು ಕುಡಿಯುತ್ತ ಕೆಲಸ ಮಾಡುವ ಮನುಷ್ಯ. ಹೆಂಡ ಮುಟ್ಟಿದವನಲ್ಲ. ಹೊಟ್ಟೆ ಮೇಜಿನಂಚಿಗೆ ತಾಗುವಷ್ಟು ಮುಂದೆ ಬಂದಾಗ ತಂಗಿ ಎಚ್ಚರಿಸಿದ್ದಳು, ಅಷ್ಟೊಂದು ಸಿಹಿ ಕುಡಿಯಬೇಡ, ಲಿವರ್ ತೋರಿಸಿಕೋ ಎಂದು. “ನಾನೇನು ನಿನ್ನ ಇಲಿಯಾ?” ಎಂದು ಅವನು ನಕ್ಕುಬಿಟ್ಟಿದ್ದ.

ಒಂದು ಮಧ್ಯಾಹ್ನ ಅದೇ ಮೇಜಿನ ಮೇಲೆ ರಕ್ತ ಕಾರಿಕೊಂಡು ಬಿದ್ದ.

ಆಸ್ಪತ್ರೆಯಲ್ಲಿ ಬಂದ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ವರ್ಷದಿಂದ ಕುಡಿಯುತ್ತೀರಿ ಎಂದು. ಇಲ್ಲ ಎಂದರೆ ನಂಬುವವರಿಲ್ಲ. ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ನೀವಾದರೂ ನಿಜ ಹೇಳಿ ಎಂದು ಗದರಿದವರೂ ಇದ್ದರು. ಕೊನೆಗೆ ದೊಡ್ಡ ಡಾಕ್ಟರು ಬಂದು, ಇದು ಕುಡಿತದಿಂದಲ್ಲ, ಕೊಬ್ಬು ತುಂಬಿ ತುಂಬಿ ಯಕೃತ್ತು ಕಲ್ಲಾಗಿದೆ ಎಂದಾಗ ಅಣ್ಣ ಗೋಡೆ ಕಡೆ ತಿರುಗಿ ಅತ್ತ. ಔಷಧದ ಕಾಲ ಮುಗಿದಿದೆ, ಹತ್ತಿರದವರು ಯಾರಾದರೂ ತಮ್ಮ ಯಕೃತ್ತಿನ ಒಂದು ಪಾಲು ಕೊಟ್ಟರೆ ಬದುಕಬಹುದು ಎಂದರು ಡಾಕ್ಟರು. ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ. ಮಕ್ಕಳಿನ್ನೂ ಶಾಲೆ ಮುಗಿಸಿಲ್ಲ. ಹೊಂದುತ್ತಿದ್ದುದು ಇಲಿಯತ್ತೆಯದು.

ಅತ್ತಿಗೆ ಅದುವರೆಗೆ ಅವಳ ಮನೆಗೆ ಬಂದವಳಲ್ಲ. ಇಲಿ ಮುಟ್ಟಿದ ಕೈಯಲ್ಲಿ ಕೊಟ್ಟ ನೀರು ಗಂಟಲಿಗಿಳಿಯುವುದಿಲ್ಲ ಎಂದು ನೆರೆಯವರ ಮುಂದೆ ಹೇಳಿದ್ದು ಸುತ್ತಿ ಬಳಸಿ ಅವಳ ಕಿವಿಗೂ ಮುಟ್ಟಿತ್ತು. ಆ ಸಂಜೆ ಅದೇ ಅತ್ತಿಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಸೆರಗು ಹಿಂಡುತ್ತ ನಿಂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದೆಲ್ಲ ಮರೆತಿತ್ತು.

“ಕೇಳೋಕೆ ನನಗೆ ಮುಖ ಇಲ್ಲ. ಆದ್ರೂ ಬಂದೆ,” ಎಂದಳು.

ಇಲಿಯತ್ತೆ ಒಂದು ಲೋಟ ನೀರು ಕೊಟ್ಟಳು. ಅತ್ತಿಗೆ ಗಟಗಟ ಕುಡಿದಳು.

ಗಂಡ ಊರೊಳಗಿನ ಬಸ್ಸಿನ ಡ್ರೈವರು, ಮಾತು ಕಡಿಮೆ. ಅತ್ತಿಗೆ ಹೊರಟುಹೋದ ಮೇಲೆ ಬಾಗಿಲು ಹಾಕಿ ಬಂದು ಹೇಳಿದ: “ಅವನು ನಿನ್ನ ಅಣ್ಣ, ಸರಿ. ನೀನು ನನ್ನ ಹೆಂಡ್ತಿ ಅನ್ನೋದೂ ಅಷ್ಟೇ ನಿಜ ಅಲ್ವಾ?” ಅವತ್ತಿನಿಂದ ಇಬ್ಬರ ನಡುವೆ ಊಟಕ್ಕೆ ಬಾ, ನೀರು ಬಂತು ಎಂಬಷ್ಟೇ ಮಾತು ಉಳಿಯಿತು.

ಪರೀಕ್ಷೆಗೆ ಹೋದಾಗ ಇನ್ನೊಂದು ಪೆಟ್ಟು ಕಾದಿತ್ತು. ಸ್ಕ್ಯಾನಿನ ಚಿತ್ರ ಮುಂದಿಟ್ಟುಕೊಂಡು ಡಾಕ್ಟರು ಹುಬ್ಬು ಗಂಟಿಕ್ಕಿದರು. ಅವಳ ಯಕೃತ್ತಿನಲ್ಲೂ ಕೊಬ್ಬು. ಇಂಥದನ್ನು ಕತ್ತರಿಸಿದರೆ ಕೊಟ್ಟವಳಿಗೂ ಕಷ್ಟ, ತೆಗೆದುಕೊಂಡವನಿಗೂ ಕಷ್ಟ ಎಂದರು. ಎರಡು ತಿಂಗಳಲ್ಲಿ ಕರಗಿಸಿಕೊಂಡು ಬಂದರೆ ಮತ್ತೆ ನೋಡೋಣ, ಅಲ್ಲಿಯವರೆಗೆ ನಿಮ್ಮಣ್ಣ ತಡೆದುಕೊಂಡರೆ.

ಕಷ್ಟ ಎಂಬ ಆ ಒಂದು ಮಾತಿನ ಹಿಂದೆ ಏನಿದೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು, ಕೈಯಾರೆ ಎತ್ತಿ ಹಾಕಿದ್ದಳು. ಸುದ್ದಿ ಕೇಳಿದ ಗಂಡನ ಮುಖದಲ್ಲಿ ಒಂದು ಗಳಿಗೆ ಸಮಾಧಾನ ಇಣುಕಿದ್ದು ಅವಳ ಕಣ್ಣಿಗೆ ಬಿತ್ತು. ಅದಕ್ಕೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಏಕೆಂದರೆ ಅವಳಿಗೂ ಹಾಗೇ ಆಗಿತ್ತು.

ಆ ವಾರ ಕೊಬ್ಬಿದ ಇಲಿಯೊಂದಕ್ಕೆ ಕುಣಿಕೆ ಬಿಗಿಯುವಾಗ ದಾರ ಯಕೃತ್ತನ್ನೇ ಕೊಯ್ದುಕೊಂಡು ಹೋಯಿತು. ರಕ್ತ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಎಂದೂ ನಡುಗದ ಅವಳ ಬೆರಳು ಅವತ್ತು ನಡುಗಿದವು. ಮೇಡಂ ಅವಳ ಕೈಯಿಂದ ಚಿಮಟ ತೆಗೆದಿಟ್ಟು, ಹೊರಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿದರು. ಅವಳು ಎಲ್ಲವನ್ನೂ ಹೇಳಿಕೊಂಡಳು.

ಮೇಡಂ ಸುಳ್ಳು ಧೈರ್ಯ ತುಂಬುವ ಪೈಕಿ ಅಲ್ಲ. ಇಲಿಯ ಲೆಕ್ಕ ಮನುಷ್ಯರಿಗೆ ಹಾಗೆಯೇ ಒಪ್ಪುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಆಮೇಲೆ ಕೇಳಿದರು: “ಚಕ್ರದ ಗುಂಪು ಏನಾಯ್ತು? ನೀನೇ ನೋಡಿದ್ದೀಯಲ್ಲ.”

ಅದು ಕೊಬ್ಬಿಸಿದ ಮೇಲೆ ಸಾದಾ ತಿಂಡಿಗೆ ತಿರುಗಿಸಿ, ಓಡಲು ಚಕ್ರ ಕೊಟ್ಟ ಇಲಿಗಳ ಗುಂಪು. ಅವುಗಳ ಹೊಟ್ಟೆ ತೆರೆದಾಗ ಹಳದಿ ಹೋಗಿ ಕೆಂಪು ಮರಳಿತ್ತು. ಕತ್ತರಿಸಿದ ಮೇಲೂ ಹೆಚ್ಚಿನವು ಬದುಕಿದ್ದವು.

ಅವಳು ಅವತ್ತೇ ಸಕ್ಕರೆ ಬಿಟ್ಟಳು, ಕರಿದದ್ದು ಬಿಟ್ಟಳು. ಕೆಲಸಕ್ಕೆ ಬಸ್ಸು ಬಿಟ್ಟು ನಡೆದೇ ಹೋಗಿ ನಡೆದೇ ಬರತೊಡಗಿದಳು. ಅಂಗಡಿ ಸಾಲು, ಸೇತುವೆ, ಮರದ ಗೋದಾಮು ದಾಟಿ ಬೆವರು ಸುರಿಸಿಕೊಂಡು ಬೀಸುಗಾಲು ಹಾಕುವ ಈ ಹೆಂಗಸನ್ನು ನೋಡಿ ರಸ್ತೆ ಬದಿಯವರು ಯಾರಿಗೆ ಏನಾಯಿತೋ ಎಂದುಕೊಂಡರು. ಒಂದೆರಡು ಸಲ ಗಂಡನ ಬಸ್ಸೇ ಪಕ್ಕದಲ್ಲಿ ಹಾದುಹೋಯಿತು. ಅವನು ಹಾರ್ನು ಹಾಕಲಿಲ್ಲ, ಅವಳು ತಿರುಗಿ ನೋಡಲಿಲ್ಲ.

ಇತ್ತ ಅಣ್ಣನ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಯಕೃತ್ತು ಸೋಸದೆ ಬಿಟ್ಟ ವಿಷ ತಲೆಗೇರಿ, ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದ. ಒಂದು ದಿನ ಅವಳು ನೋಡಲು ಹೋದಾಗ, ಹಾಸಿಗೆಯ ಮೇಲೆ ಕೈಗಡಿಯಾರ ಬಿಚ್ಚಿ ಹರಡಿಕೊಂಡು ಕೂತಿದ್ದ. ಯಾವ ಹಲ್ಲುಚಕ್ರ ಎಲ್ಲಿಗೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ತಂಗಿಯ ಮುಖ ನೋಡಿ, ನಿಮ್ಮ ಗಡಿಯಾರ ನಾಳೆ ಕೊಡ್ತೀನಿ ಎಂದ. ಅವಳು ಅಲ್ಲಿಂದ ನಡೆದೇ ಮನೆಗೆ ಹೋದಳು. ಜೀವ ಕೈಯಲ್ಲಿ ಹಿಡಿದು ಓಡುವುದು ಎಂದರೆ ಏನೆಂದು ಆ ದಿನಗಳಲ್ಲಿ ಅವಳಿಗೆ ಗೊತ್ತಾಯಿತು. ಓಡಿದರೂ ತಲುಪುತ್ತೇನೆ ಎಂಬ ಖಾತರಿ ಇಲ್ಲ, ತಲುಪಿದರೆ ಅಲ್ಲಿ ಕಾದಿರುವುದು ಚಾಕು.

ಎರಡನೆಯ ಸ್ಕ್ಯಾನಿನಲ್ಲಿ ಕೊಬ್ಬು ಕರಗಿತ್ತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಅದೇ ಹೆಂಗಸಿನದಾ ಎಂದು ತಮಾಷೆ ಮಾಡಿದರು. ಅವಳಿಗೆ ನಗು ಬರಲಿಲ್ಲ.

ಶಸ್ತ್ರಕ್ರಿಯೆಗೆ ಮುಂಚೆ ಇನ್ನೊಂದು ಕೋಣೆ ದಾಟಬೇಕಿತ್ತು. ಅಲ್ಲಿ ಅಂಗ ಕೊಡುವವರ ಜೊತೆ ಒಬ್ಬೊಬ್ಬರಾಗಿ ಮಾತಾಡುವ ಆಪ್ತಸಲಹೆಗಾರ್ತಿಯೊಬ್ಬಳು ಇದ್ದಳು. ಗಂಡ, ಅತ್ತಿಗೆ ಎಲ್ಲರನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿದಳು. ಯಾರಾದರೂ ಒತ್ತಾಯ ಮಾಡಿದರೇ, ಹಣದಾಸೆ ತೋರಿಸಿದರೇ ಎಂದೆಲ್ಲ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಬೇಡ ಅನ್ನಿಸಿದ್ರೆ ಈಗ್ಲೂ ಹೇಳಬಹುದು. ಮನೆಯವರಿಗೆ ನಾವು ಲಿವರ್ ಹೊಂದಲಿಲ್ಲ ಅಂತ ಮಾತ್ರ ಹೇಳ್ತೀವಿ. ನೀವು ಬೇಡ ಅಂದಿದ್ದು ಈ ಬಾಗಿಲು ದಾಟಲ್ಲ.”

ಇಷ್ಟು ಸಲೀಸಾದ ದಾರಿಯೊಂದು ಇದೆ ಎಂದು ಇಲಿಯತ್ತೆಗೆ ಯಾರೂ ಹೇಳಿರಲಿಲ್ಲ. ಬೇಡ ಎಂದರೆ ಸಾಕು. ಅತ್ತಿಗೆ ಅಳುತ್ತಾಳೆ, ಆದರೆ ದೂರುವುದಿಲ್ಲ. ಗಂಡ ಮತ್ತೆ ಮಾತಾಡುತ್ತಾನೆ. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅವಳು ಮೇಜಿನಂಚನ್ನೇ ನೋಡುತ್ತ ಕೂತಳು. ಪಂಜರದಿಂದ ಎತ್ತುವಾಗ ಒಂದೊಂದು ಇಲಿಯೂ ಹಿಂಗಾಲನ್ನು ಅಂಚಿಗೆ ಊರಿ ಒದೆಯುತ್ತದೆ. ಅದನ್ನು ಯಾರೂ ಹೀಗೆ ಕೂರಿಸಿಕೊಂಡು, ಒಪ್ಪಿಗೆಯೇ ಎಂದು ಕೇಳುವುದಿಲ್ಲ. ಅತ್ತಿಗೆಗೆ ಸುಳ್ಳು ಹೇಳಿ ಅರಗಿಸಿಕೊಳ್ಳಬಹುದು ಅನ್ನಿಸಿತು ಅವಳಿಗೆ. ಆದರೆ ಹೇಳಿ ಬಂದ ಮರುದಿನ ಕೆಲಸಕ್ಕೆ ಹೋಗಿ, ಕೈಗವಸು ಹಾಕಿಕೊಂಡು, ಮೊದಲನೆಯ ಇಲಿಯನ್ನು ಎತ್ತುವುದು ತನ್ನಿಂದಾಗುವುದಿಲ್ಲ.

“ಹೆದರಿಕೆ ಇದೆ,” ಎಂದಳು. “ಹೆದರಿಕೆ ಇದೆ ಅಂತ ಬರ್ಕೊಳ್ಳಿ. ಆಮೇಲೆ, ಒಪ್ಪಿದ್ದಾಳೆ ಅಂತಾನೂ ಬರ್ಕೊಳ್ಳಿ.”

ಹೊರಗೆ ಬಂದಾಗ ಗಂಡ ಎದ್ದು ನಿಂತ. ಅವಳ ಮುಖ ನೋಡಿದ ಕೂಡಲೇ ಉತ್ತರ ಅವನಿಗೆ ತಿಳಿದುಹೋಯಿತು. ಏನೂ ಕೇಳದೆ ಅವಳ ಕೈಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

ಶಸ್ತ್ರಕ್ರಿಯೆಯ ದಿನ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಅಣ್ಣ ತಂಗಿ ಮಲಗಿದರು. ಹೊರಗೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಡ್ರೈವರು ಮತ್ತು ಅತ್ತಿಗೆ. ಹೊತ್ತು ಏರಿ ಇಳಿಯಿತು. ನಡುವೆ ನರ್ಸೊಬ್ಬಳು ಓಡಿ ಬಂದು, ಅಣ್ಣನ ಹೆಸರು ಕೂಗಿ, ಇನ್ನಷ್ಟು ರಕ್ತ ಬೇಕು ಎಂದಾಗ ಡ್ರೈವರು ಅಂಗಿಯ ತೋಳು ಮಡಚುತ್ತ ಅವಳ ಹಿಂದೆಯೇ ಹೋದ.

ಇಬ್ಬರೂ ಬದುಕಿದರು. ಆದರೆ ಹೊಸ ಯಕೃತ್ತು ಸಿಕ್ಕ ಅಣ್ಣ ದಿನದಿನಕ್ಕೆ ಗೆಲುವಾಗಿ ಎದ್ದು ಓಡಾಡುತ್ತಿದ್ದರೆ, ಕೊಟ್ಟ ತಂಗಿಗೆ ಕತ್ತರಿಸಿದ ಕಡೆಯಿಂದ ಪಿತ್ತರಸ ಸೋರಿ ಜ್ವರ ಏರಿತು. ಪಕ್ಕೆಗೆ ನಳಿಕೆ ಹಾಕಿದರು. ಡಾಕ್ಟರುಗಳು ಮಂಚದ ಬಳಿ ಬಂದು ಪಿಸುಪಿಸು ಮಾತಾಡಿಕೊಂಡು ಹೋಗುತ್ತಿದ್ದರು. ಡ್ರೈವರು ರಜೆ ಹಾಕಿ ಆಸ್ಪತ್ರೆಯಲ್ಲೇ ಬಿದ್ದುಕೊಂಡ. ಅತ್ತಿಗೆ ಗಂಡನನ್ನು ಮಕ್ಕಳ ವಶಕ್ಕೆ ಬಿಟ್ಟು ನಾದಿನಿಯ ಬಳಿ ಬಂದು ಕೂತಳು. ಚಮಚದಲ್ಲಿ ಗಂಜಿ ಕುಡಿಸಿದಳು, ಬೆವರಿಗೆ ಅಂಟಿದ ಕೂದಲು ಬಿಡಿಸಿ ಜಡೆ ಹಾಕಿದಳು. ಜ್ವರ ಇಳಿದು, ನಳಿಕೆ ತೆಗೆದ ದಿನ ಡ್ರೈವರು ಬಹಳ ದಿನಗಳ ನಂತರ ಒಂದು ತಮಾಷೆ ಮಾಡಿದ. ಲಿವರ್ ಜೊತೆಗೆ ಪಿತ್ತಕೋಶವನ್ನೂ ತೆಗೆದಿದ್ದಾರಂತೆ.

“ಇನ್ಮೇಲಾದ್ರೂ ನಿನಗೆ ಪಿತ್ತ ನೆತ್ತಿಗೇರಲ್ಲ ಬಿಡು.”

“ಇಲಿಗೂ ಪಿತ್ತಕೋಶ ಇಲ್ಲ,” ಎಂದಳು ಅವಳು. “ಆದ್ರೂ ಕಚ್ಚತ್ತೆ.”

ನಗಲು ಹೋಗಿ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು.

ಮತ್ತೆ ಕೆಲಸಕ್ಕೆ ಹೋಗುವಷ್ಟಾದಾಗ ಮೇಡಂ ಬೇರೆ ವಿಭಾಗಕ್ಕೆ ಹಾಕಿಸಲೇ ಎಂದು ಕೇಳಿದರು. ಅವಳು ಬೇಡವೆಂದಳು. ಮೊದಲ ವಾರ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು, ನಡುಗಲಿಲ್ಲ. ಅವಳಿಗೆ ತಡೆಯಲಾಗದೆ ಹೋದದ್ದು ಕತ್ತರಿಸಿದ ನಂತರದ ದಿನಗಳಲ್ಲಿ ಇಲಿಗಳ ಸ್ಥಿತಿ. ಶಸ್ತ್ರಕ್ರಿಯೆಯಾದ ದಿನ ಮತ್ತು ಮರುದಿನ ಇಲಿಗಳಿಗೆ ನೋವಿನ ಚುಚ್ಚುಮದ್ದು ಕೊಡುತ್ತಿದ್ದರು. ಅದರಾಚೆಗೆ ಇಲ್ಲ, ಏಕೆಂದರೆ ಔಷಧ ಯಕೃತ್ತಿನ ಮೂಲಕವೇ ಹಾದುಹೋಗಬೇಕು, ಹೆಚ್ಚಾದರೆ ಪ್ರಯೋಗದ ಫಲ ಕೆಡಬಹುದು. ಮೂರನೆಯ ದಿನ ಅವು ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ ಕೂತಿರುತ್ತಿದ್ದವು. ಇಷ್ಟು ವರ್ಷ, ಶಸ್ತ್ರಕ್ರಿಯೆಯಾದ ಇಲಿ ಇರುವುದೇ ಹಾಗೆ ಎಂದು ಅವಳು ಪಂಜರ ಮುಚ್ಚಿ ಮುಂದೆ ಹೋಗಿದ್ದಳು. ಈಗ ಆ ಭಂಗಿ ಕಂಡರೆ ಅವಳ ಪಕ್ಕೆಯೇ ಹಿಡಿದುಕೊಳ್ಳುತ್ತಿತ್ತು. ತಾನೂ ಮಂಚದ ಮೇಲೆ ಹಾಗೆಯೇ ಕೂತಿದ್ದಳು.

ಮೇಡಂ ಕೋಣೆಗೆ ಹೋಗಿ ಹೇಳಿದಳು: “ಮೂರನೇ ದಿನ ನೋವು ಕಮ್ಮಿ ಆಗಲ್ಲ ಮೇಡಂ. ಇನ್ನೂ ಜಾಸ್ತಿ.”

ಮೇಡಂಗೆ ರೇಗಿತು. ವರ್ಷಗಳ ಫಲಿತಾಂಶ ಇದೆ, ಈಗ ಔಷಧ ಬದಲಿಸಿದರೆ ಹಳೆಯದರ ಜೊತೆ ಹೋಲಿಸುವುದು ಹೇಗೆ, ನಿನ್ನ ನೋವನ್ನು ಇಲಿಗೆ ಅಂಟಿಸಬೇಡ ಎಂದರು. ಅವಳು ವಾದಿಸಲಿಲ್ಲ, ಹೊರಗೂ ಹೋಗಲಿಲ್ಲ, ನಿಂತೇ ಇದ್ದಳು. ಕೊನೆಗೆ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ನೋಡೋಣ ಎಂದರು. ಯಕೃತ್ತಿಗೆ ಹೊರೆಯಾಗದ ಔಷಧ ಯಾವುದೆಂದು ಮೇಡಂ ತಾವೇ ಕೂತು ಹುಡುಕಿದರು, ಪ್ರಾಣಿಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಇಟ್ಟರು. ಒಂದು ಸಣ್ಣ ಗುಂಪಿಗೆ ಮಾತ್ರ ನಾಲ್ಕನೆಯ ದಿನದವರೆಗೆ ಚುಚ್ಚುಮದ್ದು ಕೊಟ್ಟು ನೋಡಿದರು. ಆ ಗುಂಪಿನ ಯಕೃತ್ತಿನ ಬೆಳವಣಿಗೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ತಿಂಡಿಗೆ ಮಾತ್ರ ಅವು ಬೇಗ ಬಾಯಿ ಹಾಕಿದವು. ಮುಂದಿನ ಪ್ರಯೋಗದಿಂದ ಅದೇ ನಿಯಮವಾಯಿತು.

ಅಣ್ಣ ಈಗ ಅರ್ಧ ದಿನ ಅಂಗಡಿ ತೆರೆಯುತ್ತಾನೆ. ಮಾತ್ರೆ ನುಂಗಿ ನುಂಗಿ ಬಾಯಿ ಕಹಿ ಎಂದು ಎಲ್ಲರ ಮೇಲೂ ಹರಿಹಾಯುತ್ತಾನೆ, ತಂಗಿಯ ಮೇಲೂ. ಇಲಿಯತ್ತೆ ಅದನ್ನು ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ, ಅವಳೂ ತಿರುಗಿ ಅನ್ನುತ್ತಾಳೆ. ಚಳಿ ಬಿದ್ದಾಗ ಅವಳ ಗಾಯದ ಗೆರೆ ಜುಮುಗುಟ್ಟುತ್ತದೆ. ತುಂಬಿದ ಪಂಜರ ಎತ್ತುವ ಮುನ್ನ ಒಂದು ಗಳಿಗೆ ನಿಂತು, ಉಸಿರು ಬಿಗಿಹಿಡಿದು, ಆಮೇಲೆ ಎತ್ತುತ್ತಾಳೆ.