ಎಂಪಿತ್ರೀಯಾದ ದೊಡ್ಡಮ್ಮ

ಮಳವಳ್ಳಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಅಕ್ಕನ ಓದಿಗೆ. ಕುಂಕುಮ ಇಟ್ಟು, ಕೀಬೋರ್ಡಿಗೆ ಟವೆಲ್ ಹೊದಿಸಿದೆವು. ಅಕ್ಕನ ಓದು ಮುಗಿಯುವಷ್ಟರಲ್ಲಿ ಅದರೊಳಗೆ ಪಾಠಕ್ಕಿಂತ ಹಾಡೇ ಹೆಚ್ಚಾಗಿ, ಜಾಗವಿಲ್ಲ ಎಂದು ಅದು ದಿನವೂ ಹೇಳತೊಡಗಿತು. "ಅಷ್ಟು ದೊಡ್ಡ ಡಬ್ಬ, ಜಾಗ ಇಲ್ವಂತಾ?" ಎಂದು ಅಪ್ಪ ಅದರ ಹಿಂಭಾಗ ನೋಡಿದರು.

ಅಕ್ಕನ ಮದುವೆ ಗೊತ್ತಾದಾಗ ಹೊಳಲಿನಿಂದ ದೊಡ್ಡಮ್ಮ ಬಂದಳು. ಸುತ್ತಮುತ್ತ ಯಾರ ಮನೆಯ ಅರಿಸಿನದ ಶಾಸ್ತ್ರಕ್ಕೂ ಸೋಬಾನೆ ಅವಳದೇ. ಆದರೆ ದೊಡ್ಡಪ್ಪ ತೀರಿಕೊಂಡ ಮೇಲೆ ಅವಳನ್ನು ಅರಿಸಿನ ಮುಟ್ಟಲು ಬಿಡುತ್ತಿರಲಿಲ್ಲ. ಹಾಡಲು ಕರೆದು ಚಪ್ಪರದ ಮೂಲೆಯಲ್ಲಿ ಕೂರಿಸುತ್ತಿದ್ದರು. ಬಾಯಿ ಬೇಕು, ಕೈ ಬೇಡ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವಳು ಮಾತ್ರ, "ಕರೀತಾರಲ್ಲ, ಅಷ್ಟು ಸಾಕು ಬುಡು" ಅನ್ನುತ್ತಿದ್ದಳು. ನಮ್ಮ ಮನೆಯ ಮದುವೆಯಲ್ಲೂ ಅವಳು ಮೂಲೆಯಲ್ಲೇ ಕೂತಳು.

ಆ ಮದುವೆಗೆ ಮುಂಚೆ ಹೆಡ್‌ಫೋನಿನ ಮೈಕು ಹಿಡಿದು ಅವಳ ಹಾಡು ರೆಕಾರ್ಡ್ ಮಾಡಿದ್ದೆ. ಸೋಬಾನೆಯ ಸಾಲುಸಾಲಿಗೂ ಮದುವಣಗಿತ್ತಿಯ ಹೆಸರು ಬರಬೇಕು. ಅಕ್ಕನ ಹೆಸರು ಹಾಕಿ ಹಾಡಿದಳು. ನಡುವೆ ಕರೆಂಟು ಹೋಗಿ ಯುಪಿಎಸ್ಸು ಕುಯ್ ಕುಯ್ ಎಂದಿತು. ದೊಡ್ಡಮ್ಮ ನಿಲ್ಲಿಸಲಿಲ್ಲ. ಜಾಗ ಸಾಲದೆಂದು ಅದನ್ನು ಎಂಪಿತ್ರೀ ಮಾಡಿ ಸಿ.ಡಿ.ಗೆ ಹಾಕಿ, ಮದ್ದೂರಿನ ಮೈಕ್‌ಸೆಟ್ಟಿನವನು ಕೇಳಿದನೆಂದು ಅವನಿಗೂ ಒಂದು ಕೊಟ್ಟೆ.

ಮುಂದಿನ ಮದುವೆ ಕಾಲದಲ್ಲಿ ದೊಡ್ಡಮ್ಮನನ್ನು ಯಾರೂ ಕರೆಯಲಿಲ್ಲ. ಸಿ.ಡಿ. ಇತ್ತಲ್ಲ. ಕೊನೆಗೆ ಹೊಳಲಿನಲ್ಲೇ, ಅವಳ ಎದುರುಮನೆಯಲ್ಲೇ ಮದುವೆ. ನೆಂಟರೆಂದು ನಾವೂ ಹೋದೆವು. ನಾನು ಅವಳನ್ನು ಕರೆಯಲು ಹೋದರೆ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎದುರಿನ ಚಪ್ಪರದಲ್ಲಿ ಅವಳದೇ ದನಿ, ನಮ್ಮದೇ ಯುಪಿಎಸ್ಸಿನ ಕುಯ್ ಕುಯ್.

"ಬಾ ದೊಡ್ಡಮ್ಮ, ಹೋಗೋಣ."

"ನಾನಾಗ್ಲೇ ಓಗಿವ್ನಲ್ಲ ಕಣ್ಲಾ. ಕೇಳುಸ್ತಾ ಇಲ್ವಾ?" ಎಂದಳು. ಇನ್ನೊಂದು ಬೀಜ ಬಿಡಿಸಿ, "ಕರೀದೆ ಎಂಗ್ಲಾ ಬರ್ಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಬ್ಬನೇ ವಾಪಸು ಹೋದೆ.

ಚಪ್ಪರದಲ್ಲಿ ಅರಿಸಿನದ ಬಟ್ಟಲು ಎತ್ತುವ ಹೊತ್ತಿಗೆ ಗದ್ದಲ ನಿಂತು, ಹಾಡಿನೊಳಗಿನ ಅಕ್ಕನ ಹೆಸರು ಕೇಳಿಬಂತು. ಸಾಲುಸಾಲಿಗೂ ಬಂತು. ಬೇರೆ ಊರುಗಳಲ್ಲಿ ಅದು ಯಾವುದೋ ದೇವರ ಹೆಸರೆಂದು ಸುಮ್ಮನಿದ್ದರಂತೆ. ಇಲ್ಲಿ ಎಲ್ಲರಿಗೂ ಅಕ್ಕ ಗೊತ್ತು. ಮದುವಣಗಿತ್ತಿ ಹಸೆಮಣೆಯಿಂದ ಎದ್ದಳು.

"ಆ ಎಸ್ರಿನೋಳು ಅಲ್ಲೇ ಕುಂತವ್ಳೆ. ಅವ್ಳಿಗೇ ಅಚ್ಚೋಗಿ ಅರಿಸ್ನವ."

ನನ್ನ ಪಕ್ಕ ಕೂತಿದ್ದ ಅಕ್ಕ ನೆಲ ನೋಡಿದಳು. ಅಪಶಕುನ ಎಂದರು ಮುತ್ತೈದೆಯರು. ಮೈಕ್‌ಸೆಟ್ಟಿನವನು ಹಾಡು ನಿಲ್ಲಿಸಿದ. ಹೆಣ್ಣಿನ ತಾಯಿ ಬೀದಿ ದಾಟಿ ಓಡಿದಳು. ಹಿಂದೆಯೇ ನಾನೂ ಹೋದೆ.

"ಅಕ್ಕಾ, ಒಸಿ ಬಂದು ಆಡ್ಬುಡು" ಎಂದು ಆ ತಾಯಿ ದೊಡ್ಡಮ್ಮನನ್ನು ಕೇಳಿಕೊಂಡಳು.

ದೊಡ್ಡಮ್ಮ ತಲೆ ಎತ್ತಲಿಲ್ಲ. "ಆಡ್ತೀನಿ. ಅರಿಸ್ನನೂ ನಾನೇ ಮೊದ್ಲು ಅಚ್ತೀನಿ. ಆಗಕಿಲ್ಲ ಅಂದ್ರೆ ಆ ಪೆಟ್ಗೇಲೇ ಆಡುಸ್ಕೊ."

ತಾಯಿ ಚಪ್ಪರದ ಕಡೆ ತಿರುಗಿ ನೋಡಿದಳು. ಚಪ್ಪರದಿಂದ ಹುಡುಗಿಯೇ ಕೂಗಿದಳು: "ಬಂದು ಅಚ್ಚು ದೊಡ್ಡವ್ವ, ಒತ್ತಾಯ್ತದೆ."

ದೊಡ್ಡಮ್ಮ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಬೀದಿ ದಾಟಿದಳು. ಮೈಕು ಹಿಡಿದು ಬಂದವನಿಗೆ "ಅತ್ಲಾಗಿಕ್ಕು" ಎಂದಳು. ಹುಡುಗಿಯ ಹೆಸರು ಕೇಳಲಿಲ್ಲ, ಎದುರುಮನೆಯಲ್ಲೇ ಹುಟ್ಟಿದವಳು. ಬಟ್ಟಲಿಗೆ ಕೈ ಹಾಕಿ, ಎರಡು ಕೆನ್ನೆಗೂ ಅರಿಸಿನ ಹಚ್ಚಿ, ಆಮೇಲೆ ಹಾಡು ಎತ್ತಿಕೊಂಡಳು.