ಪಾಯದಲ್ಲೇ ನಿಂತ ಪಿರಮಿಡ್

ಮೂರನೇ ಸಲವೂ ಪೆನ್ನು ಮೇಜಿನಿಂದ ಉರುಳಿ ಕೆಳಗೆ ಬಿದ್ದಾಗ ನಾನು ಪೆನ್ನನ್ನೇ ಬೈದೆ.

ಕಳೆದ ಶನಿವಾರ ಹೊರಮಾವಿನ ಒಂದು ಶಾಲೆಯಲ್ಲಿ ತೀರ್ಪುಗಾರಳಾಗಿ ಕೂತಿದ್ದೆ. ವಾರ ವಾರ ಅಂಕಣ ಬರೆಯುವವರಿಗೆ ಎಲ್ಲಾ ವಿಷಯವೂ ಗೊತ್ತಿರುತ್ತದೆ ಎಂಬ ನಂಬಿಕೆ ಜನರಲ್ಲಿದೆ. (ಯಾವುದೂ ಸರಿಯಾಗಿ ಗೊತ್ತಿಲ್ಲದ್ದರಿಂದಲೇ ವಾರಕ್ಕೊಂದು ವಿಷಯ ಬರೆಯುತ್ತೇವೆ ಎಂಬುದು ಒಳಗಿನ ಗುಟ್ಟು.) ಆರನೇ ಕ್ಲಾಸಿನ ಮಕ್ಕಳ ವಸ್ತುಪ್ರದರ್ಶನ. ಪ್ರಪಂಚದ ಭೂಗೋಳ, ಆದಿಮಾನವ, ಪ್ರಾಚೀನ ಈಜಿಪ್ಟ್, ಈ ಮೂರರಲ್ಲಿ ಯಾವುದನ್ನಾದರೂ ಮಾಡಿಕೊಂಡು ಬರಬೇಕು. ಆಯ್ಕೆಯಾದ ಒಂದೇ ಒಂದು ಮಾದರಿ ಹಲಸೂರಿನಲ್ಲಿ ನಡೆಯುವ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ.

ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ಸೆಲ್ವರಾಜ್ ಮಾಸ್ತರು. ಇತಿಹಾಸ, ಭೂಗೋಳ ಕಲಿಸಿದ ನಿವೃತ್ತ ಮೇಷ್ಟ್ರು. ಒಂದು ಗ್ಲೋಬಿನಲ್ಲಿ ನೈಲ್ ನದಿ ದಕ್ಷಿಣಕ್ಕೆ ಹರಿಯುತ್ತಿದ್ದದ್ದನ್ನು ನೋಡಿ ಅವರ ಬಿಪಿ ಏರಿತ್ತು. ಮುಂದಿನ ಮೇಜಿನಲ್ಲಿ ಹತ್ತಿಯ ಗುಹೆಯೊಳಗೆ ಕೂತಿದ್ದ ಆದಿಮಾನವ ಯಾರದೋ ತಮ್ಮನ ಗೊಂಬೆ; ಅದರ ಕೂಲಿಂಗ್ ಗ್ಲಾಸ್ ಬಿಚ್ಚುವುದನ್ನು ಮರೆತಿದ್ದರು.

ಇನ್ನು ಪಿರಮಿಡ್‌ಗಳು. ಒಟ್ಟು ಐದು. ಐದೂ ಥರ್ಮಾಕೋಲ್, ಐದಕ್ಕೂ ಒಂದೇ ಚಿನ್ನದ ಬಣ್ಣ. ಎಲ್ಲವೂ ಕಮ್ಮನಹಳ್ಳಿಯ ಒಂದೇ ಸ್ಟೇಷನರಿ ಅಂಗಡಿಯಿಂದ ಬಂದವು ಎಂದು ಹೇಳಲು ಪತ್ತೇದಾರಿ ಬೇಕಿರಲಿಲ್ಲ. "ಈ ಸ್ಫಿಂಕ್ಸ್ ಅಂಗಡಿಯವ್ರೇ ಫ್ರೀ ಕೊಟ್ರು ಮಿಸ್," ಎಂದು ಒಬ್ಬ ಹುಡುಗ ಹೆಮ್ಮೆಯಿಂದ ಹೇಳಿದ. ಅವನ ಪ್ರಾಮಾಣಿಕತೆಗೆ ಅರ್ಧ ಅಂಕ ಜಾಸ್ತಿ ಹಾಕಿದೆ.

ಕೊನೆಯಲ್ಲಿದ್ದದ್ದು ಶರಣಮ್ಮ. ಎರಡು ಜಡೆ, ದೊಡ್ಡದಾದ ಯೂನಿಫಾರ್ಮ್. ಯಾದಗಿರಿ ಕಡೆಯ ಹುಡುಗಿ. ಅಮ್ಮ ಹನುಮವ್ವ ಇಲ್ಲೇ ಏಳುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸದವಳು. ಹಿಂದಿನ ಬೀದಿಯ ಒಂದು ಬಾಡಿಗೆ ರೂಮಿನಲ್ಲಿ ಮನೆ.

ಅವಳ ಮೇಜಿನ ಮೇಲೆ ಒಂದು ಟ್ರೇ ಮರಳು, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಚೂರು, ಸುತ್ತ ಬಿಗಿದು ಕಟ್ಟಿದ ದಾರ, ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ಪಾರದರ್ಶಕ ಪೈಪು. ಪೈಪಿನೊಳಗೆ ನೀರು. ಅಷ್ಟೇ.

"ಪಿರಮಿಡ್ ಎಲ್ಲಮ್ಮಾ?" ಎಂದೆ.

"ಇನ್ನಾ ಪಾಯದಾಗ ಅದರಿ."

ಸೆಲ್ವರಾಜ್ ಮಾಸ್ತರು ಜೋರಾಗಿ ನಕ್ಕರು. ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಗಡಿಯಾರವಿಲ್ಲದ ಗೋಡೆಯ ಕಡೆ ನೋಡಿ, "ಟೈಮ್ ಎಷ್ಟಾತ್ರಿ ಮೇಡಂ?" ಎಂದಳು. ಎರಡೇ ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ನನಗೆ ರೇಗಿತು. ಮನೆಗೆ ಓಡುವ ಆತುರ ಎಂದುಕೊಂಡೆ.

"ಅರ್ಧಕ್ಕೆ ಬಿಟ್ಟಿದಾಳೆ ಮೇಡಂ, ಮೂರು ಹಾಕಿ," ಎಂದರು ಮಾಸ್ತರು. ನಮ್ಮ ಜಾಗಕ್ಕೆ ಬಂದು ಕೂತು ಹತ್ತಕ್ಕೆ ಮೂರು ಹಾಕಿದೆ. ಶರಾ ಕಾಲಮ್ಮಿನಲ್ಲಿ 'ಅಪೂರ್ಣ, ಆಸಕ್ತಿ ಸಾಲದು' ಎಂದೂ ಬರೆದೆ. ಎಷ್ಟು ಸಲೀಸು ನೋಡಿ, ಇನ್ನೊಬ್ಬರ ಆಸಕ್ತಿಯನ್ನು ಒಂದು ಸಾಲಿನಲ್ಲಿ ಮುಗಿಸುವುದು.

ಆಗಲೇ ಪೆನ್ನು ನಾಲ್ಕನೇ ಸಲ ಬಿದ್ದದ್ದು. ಉರುಳಿಕೊಂಡು ಹೋಗಿ ಶರಣಮ್ಮನ ಕಾಲ ಬಳಿ ನಿಂತಿತು. ಎತ್ತಿಕೊಂಡು ಬಂದಳು.

"ಪೆನ್ನಿಂದು ತಪ್ಪಲ್ರಿ ಮೇಡಂ. ನಿಮ್ಮ ಟೇಬಲ್ ಮಟ್ಟ ಇಲ್ರಿ."

ನಾವು ಏನಾದರೂ ಹೇಳುವ ಮೊದಲೇ ಪೈಪು ತಂದಳು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮೇಜಿನ ಅಂಚಿಗೆ ನೆಟ್ಟಗೆ ಹಿಡಿಯಲು ಹೇಳಿದಳು. ಇನ್ನೊಂದು ತುದಿ ಹಿಡಿದು ಮಾಸ್ತರ ಪಕ್ಕದ ಅಂಚಿಗೆ ಹೋದಳು. ಒಳಗಿನ ನೀರು ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಂತಿತು. ನನ್ನ ಕಡೆ ಮೇಜಿನಿಂದ ನಾಲ್ಕು ಬೆರಳು ಮೇಲೆ ನೀರು. ಅವಳ ಕಡೆ ಮೂರೇ ಬೆರಳು. ಅಂದರೆ ನನ್ನ ಕಡೆ ಒಂದು ಬೆರಳು ತಗ್ಗು. ಹೊರಗಿನಿಂದ ಒಂದು ಟೈಲ್ಸ್ ಚೂರು ತಂದು ನನ್ನ ಕಡೆಯ ಮೇಜಿನ ಕಾಲಿನ ಕೆಳಗೆ ಕೊಟ್ಟಳು. ಪೆನ್ನು ಇಟ್ಟಳು. ಅದು ಅಲ್ಲಾಡಲಿಲ್ಲ.

"ಈಜಿಪ್ಟ್‌ನೋರ ಹತ್ರ ಪೈಪ್ ಇರಲಿಲ್ರಿ," ಎಂದು ಶುರು ಮಾಡಿದಳು. "ಕಾಲುವಿ ತೋಡಿ ನೀರು ಬಿಟ್ಟು ಮಟ್ಟ ನೋಡಿರಬೇಕು ಅಂತ ಮಿಸ್ ಹೇಳ್ಯಾರ್ರಿ. ಅವ್ವನ ಕೇಳ್ದೆ. ಹಂಗ ಮಾಡಿದ್ರೂ ಬರ್ತದ, ನೀರು ಸುಳ್ಳು ಹೇಳಂಗಿಲ್ಲ ಅಂದ್ಳು. ಮ್ಯಾಲಿಂದು ಆಮ್ಯಾಲ ಕಟ್ಟಬಹುದ್ರಿ. ಪಾಯ ಸೊಟ್ಟ ಇದ್ರ ಅಷ್ಟೂ ಸೊಟ್ಟೇ ಆಗ್ತದ."

ಸೆಲ್ವರಾಜ್ ಮಾಸ್ತರು ಕನ್ನಡಕ ತೆಗೆದರು. ಅಷ್ಟು ದೊಡ್ಡ ಪಿರಮಿಡ್ಡಿನ ನಾಲ್ಕು ಮೂಲೆಗಳ ನಡುವೆ ಇರುವ ಏರುತಗ್ಗು ಹೆಚ್ಚುಕಮ್ಮಿ ಒಂದು ಹೆಬ್ಬೆರಳಿನಗಲವಂತೆ. ಅದನ್ನು ಹೇಗೆ ಸಾಧಿಸಿದರು ಎನ್ನುವುದರಲ್ಲಿ ಪಂಡಿತರಿಗೂ ಒಮ್ಮತವಿಲ್ಲವಂತೆ. "ಮೂವತ್ತು ವರ್ಷ ಪಾಠ ಮಾಡ್ದೆ ಮೇಡಂ. ಮಮ್ಮಿ, ಚಿನ್ನ, ರಾಜ ಅಂತ ಹೇಳ್ದೆ. ಪಾಯದ ಬಗ್ಗೆ ಒಂದಿನ ಹೇಳಿಲ್ಲ," ಎಂದರು.

ನನ್ನ ಕಥೆ ಇನ್ನೂ ಚೆನ್ನಾಗಿದೆ. ಪಿರಮಿಡ್ ಕಟ್ಟಿದ್ದು ಅನ್ಯಗ್ರಹದವರು ಎಂಬ ವಿಡಿಯೊ ನಮ್ಮ ಫ್ಯಾಮಿಲಿ ಗ್ರೂಪಿಗೆ ತಿಂಗಳಿಗೊಮ್ಮೆ ಬರುತ್ತದೆ. ನಾನೂ ಪೂರ್ತಿ ನೋಡಿದ್ದೇನೆ. ಪುಲಿಕೇಶಿನಗರದ ನಮ್ಮ ಮನೆಯ ಎದುರು ಎರಡು ವರ್ಷ ಕಟ್ಟಡದ ಕೆಲಸ ನಡೆಯಿತು. ಆ ಎರಡು ವರ್ಷವೂ ನಾನು ಧೂಳಿನ ಬಗ್ಗೆ ಗೊಣಗಿದೆ, ಇದೇ ಅಂಕಣದಲ್ಲಿ ಬರೆದೂ ಬಿಟ್ಟೆ. ಎದುರಿಗೇ ಯಾರೋ ಒಬ್ಬಳು ದಿನಾ ಇಂಥ ಪೈಪು ಹಿಡಿದು ನಿಂತಿದ್ದಿರಬೇಕು. ಕಣ್ಣಿಗೆ ಬಿದ್ದರೆ ತಾನೆ? ಗಾರೆ ಕೆಲಸವನ್ನು ಒಂದು ದಿನವೂ ನಿಂತು ನೋಡದ ನಮ್ಮಂಥವರಿಗೇ ಅನ್ಯಗ್ರಹದವರು ಬೇಕಾಗುವುದು.

ನಾಚಿಕೆಯಾಯಿತು. ಮೂರನ್ನು ಹೊಡೆದು ಒಂಬತ್ತು ಮಾಡಿದೆ. ಇಂಕಿನಲ್ಲಿ ಬರೆದ ಅಂಕ ತಿದ್ದಿದರೆ ಕಾರಣ ಕೊಡಬೇಕು ಎಂಬ ನಿಯಮವಿತ್ತು. ಎದ್ದು ನಿಂತು, ಅಷ್ಟೂ ಪೋಷಕರ ಎದುರು ಮುಖ್ಯೋಪಾಧ್ಯಾಯಿನಿಗೆ ಕಾರಣ ಹೇಳಿದೆ: ನೋಡದೆ ಅಂಕ ಹಾಕಿದ್ದೆ. ಮಾಸ್ತರು ಪಕ್ಕದಲ್ಲಿ ಎದ್ದು ನಿಂತು, "ನಾನೂ," ಎಂದರು. ಹಲಸೂರಿಗೆ ಹೋಗುವ ಮಾದರಿ ಶರಣಮ್ಮನದೇ ಎಂದಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಹನುಮವ್ವ. ಸೀರೆಯ ಮೇಲೆ ಗಂಡಸರ ಶರ್ಟು, ಮೊಣಕೈವರೆಗೆ ಸಿಮೆಂಟು. ಮಗಳು ಆಯ್ಕೆಯಾದ ಸುದ್ದಿಯನ್ನು ಮೂರು ಜನ ಒಟ್ಟಿಗೆ ಹೇಳಿದರು. ಅವಳು ಖುಷಿಯಿಂದ ತಲೆಯಾಡಿಸಿ, ಮಗಳ ಜಡೆ ಒಮ್ಮೆ ಎಳೆದು, ಪೈಪು ಸುತ್ತತೊಡಗಿದಳು.

"ಮೇಸ್ತ್ರಿದು ಐತ್ರಿ. ಊಟದ ಹೊತ್ತಿಗಿ ಹೊಳ್ಳಿ ಕೊಡ್ತೀನಿ ಅಂತ ಹೇಳಿ ತಂದೀನಿ."

ಹುಡುಗಿ ಯಾಕೆ ಮತ್ತೆ ಮತ್ತೆ ಟೈಮ್ ಕೇಳುತ್ತಿದ್ದಳು ಎಂಬುದು ಆಗ ಗೊತ್ತಾಯಿತು.

ಹಲಸೂರಿಗೆ ಹೊಸ ಪೈಪು ನಾನೇ ಕೊಡಿಸುತ್ತೇನೆ ಎಂದೆ. ತಪ್ಪು ಮಾಡಿದವರಿಗೆ ಇಂಥ ಉದಾರ ಬುದ್ಧಿ ಬೇಗ ಬರುತ್ತದೆ. ಶರಣಮ್ಮ ಅಮ್ಮನ ಮುಖ ನೋಡಿ, "ಹೊಸಾದು ಬ್ಯಾಡ್ರಿ," ಎಂದಳು. "ನೀರಾಗ ಗುಳ್ಳಿ ನಿಂತ್ರ ಮಟ್ಟ ತಪ್ಪಾಗ್ತದ. ಈ ಪೈಪಿನಾಗ ಗುಳ್ಳಿ ಹೆಂಗ ತೆಗೀಬೇಕು ಅಂತ ಗೊತ್ತದರಿ."

"ಬರೋ ಶನಿವಾರ ಅಲ್ರಿ? ಮೇಸ್ತ್ರಿನ ಮತ್ತ ಕೇಳ್ತೀನಿ," ಎಂದು ಹನುಮವ್ವ ಪೈಪನ್ನು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಹುಡುಗಿ ಇಟ್ಟಿಗೆ ಚೂರುಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡಳು. ಮೇಜಿನ ಕಾಲಿನ ಕೆಳಗಿನ ಟೈಲ್ಸ್ ಚೂರನ್ನು ಮಾತ್ರ ಅಲ್ಲೇ ಬಿಟ್ಟಳು.

ಮೇಸ್ತ್ರಿ ಪೈಪು ಕೊಡುತ್ತಾನೆ ಎಂಬ ನಂಬಿಕೆ ನನಗಿದೆ. ನನ್ನ ಚಿಂತೆ ಬೇರೆ: ಹಲಸೂರಿನಲ್ಲಿ ತೀರ್ಪುಗಾರರು ಕೂರುವ ಮೇಜನ್ನು ಯಾರಾದರೂ ಮಟ್ಟ ನೋಡಿ ಇಟ್ಟಿದ್ದಾರೆಯೇ?