ಸೌಟಿನ ಸಿಪಾಯಿಯ ಓಟ

ಚಿನಕುರಳಿಯ ಜಯಕುಮಾರ್ ಮಿಲಿಟರಿಯಲ್ಲಿ ಬಂದೂಕಿಗಿಂತ ಹೆಚ್ಚಾಗಿ ಸೌಟು ಹಿಡಿಯುತ್ತಾನೆ ಎಂಬ ಸಂಗತಿ ಊರಿಗೆ ಗೊತ್ತಾದದ್ದು ತೀರಾ ತಡವಾಗಿ. ಅದೂ ಅವನಾಗಿ ಹೇಳಿದ್ದಲ್ಲ. ತಂಗಿ ಉಮಳ ಮದುವೆಯಲ್ಲಿ ಪಂಕ್ತಿಗೆ ಕೂತವನು ಒಂದು ತುತ್ತು ಬಾಯಿಗಿಟ್ಟು, "ಬೇಳೆ ಬೇಯೋಕ್ ಮುಂಚೇನೇ ಹುಣಿಸೆಹುಳಿ ಉಯ್ದವ್ರೆ, ಅದ್ಕೇ ಇಂಗೆ ಕಲ್ಲಾಗೈತೆ" ಎಂದುಬಿಟ್ಟ. ಬಡಿಸುತ್ತಿದ್ದ ಅಡುಗೆಯವನು ಬಕೆಟ್ಟನ್ನು ನೆಲಕ್ಕಿಟ್ಟು, "ತಾವು ಯಾವ ಛತ್ರದಲ್ಲಿ ಕ್ಯಾಮೆ ಮಾಡೋದು ಸ್ವಾಮಿ?" ಎಂದು ಕೇಳಿದ. ಮಿಲಿಟರಿಯ ಅಡುಗೆಮನೆಯಲ್ಲಿ ಎಂದು ಜಯಕುಮಾರ್ ಒಪ್ಪಿಕೊಳ್ಳಲೇಬೇಕಾಯಿತು, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವತ್ತಿನಿಂದ ಊರಿನ ಬಾಯಲ್ಲಿ ಅವನು 'ಸೌಟಿನ ಸಿಪಾಯಿ'.

ನಗುವವರಿಗೆ ಏನಂತೆ! ಭರ್ತಿಗೆ ಹೋದಾಗ ಎಸ್ಸೆಸ್ಸೆಲ್ಸಿಯ ಅಂಕ ಸಾಲಲಿಲ್ಲ, ಅಡುಗೆ ಕೆಲಸಕ್ಕಾದರೆ ಬಾ ಅಂದರು, ಹೋದ. ಒಲೆ ಹಚ್ಚಲು ಬಾರದಿದ್ದವನು ಪಂಜಾಬಿನವರು ಮೆಚ್ಚುವ ರಾಜ್ಮಾವನ್ನೂ ಬಂಗಾಳದವರು ಮೆಚ್ಚುವ ಮೀನನ್ನೂ ಮಾಡುವುದು ಕಲಿತ. ತೋಳಿಗೆ ಎರಡು ಪಟ್ಟಿ ಬಂದವು. ಮೂರನೆಯ ಪಟ್ಟಿ ಬಂದರೆ ಅವನು ಹವಾಲ್ದಾರ. ಇಡೀ ಅಡುಗೆಮನೆ ಅವನ ಕೈಗೆ ಬರುತ್ತದೆ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಏನು ಬೇಯಬೇಕು, ಯಾರು ಎಷ್ಟು ಹೊತ್ತು ಒಲೆಯ ಮುಂದೆ ನಿಲ್ಲಬೇಕು ಎಂಬುದನ್ನು ತಾನು ಹೇಳಬೇಕು.

ಆದರೆ ಆ ಪಟ್ಟಿಗೂ ಅವನಿಗೂ ನಡುವೆ ಒಂದು ಓಟವಿತ್ತು. ಮಿಲಿಟರಿಯಲ್ಲಿ ಸಾಹೇಬನಿಂದ ಹಿಡಿದು ಕ್ಷೌರದವನವರೆಗೆ ಪ್ರತಿಯೊಬ್ಬನೂ ಫಿಟ್ನೆಸ್ ಟೆಸ್ಟು ಕೊಡಲೇಬೇಕು. ಬೆನ್ನಿಗೆ ಚೀಲ, ಕೈಯಲ್ಲಿ ರೈಫಲು, ಐದು ಕಿಲೋಮೀಟರು ಓಟ. ಆಮೇಲೆ ಹಗ್ಗ ಹತ್ತಬೇಕು, ಹಳ್ಳ ಹಾರಬೇಕು. ಹಗ್ಗ, ಹಳ್ಳ ಜಯಕುಮಾರನಿಗೆ ಲೆಕ್ಕಕ್ಕಿಲ್ಲ. ಓಟದಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದ. ಈ ಸಲವೂ ಫೇಲಾದರೆ ಬಡ್ತಿಯ ಸಾಲು ಅವನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅವನ ಜೊತೆಗೇ ಅಡುಗೆಮನೆಯಲ್ಲಿದ್ದ ನಾಗಮಂಗಲದ ನಾಗರಾಜುವೂ ಎರಡು ಸಲ ಫೇಲಾಗಿ, "ಇದು ಟೆಸ್ಟಲ್ಲ ಕಣ್ಲಾ, ದಂಡ" ಎಂದು ಕೈ ಚೆಲ್ಲಿ ಕೂತಿದ್ದ. ಜಯಕುಮಾರ್ ಹಾಗೆ ಕೂರುವ ಆಸಾಮಿಯಲ್ಲ. ರಜೆ ಹಾಕಿ, ಓಡಿ ಓಡಿಯೇ ಸಿದ್ಧನಾಗುತ್ತೇನೆಂದು ಊರಿಗೆ ಬಂದ.

ಬಂದ ದಿನವೇ ಎಡವಟ್ಟಾಯಿತು. ಮುದ್ದೆ ಇಡುತ್ತಿದ್ದ ತಾಯಿ ಬೀರಮ್ಮ, "ಯಾಕ್ ಮಗಾ, ಇಂಗ್ ಇಳ್ದೋಗಿದ್ದೀಯ?" ಎಂದು ಕೇಳಿದಳು.

"ಏನಿಲ್ಲ ಕಣವ್ವಾ. ಓಡೋಕ್ ಓದ್ರೆ ದಮ್ಮಿಂದೇ ತೊಂದ್ರೆ" ಎಂದ ಜಯಕುಮಾರ್, ಸಾರು ಸುರಿದುಕೊಳ್ಳುತ್ತಾ.

ಅವನು ಹೇಳಿದ್ದು ಮಿಲಿಟರಿಯ ದಮ್ಮು. ಹಿಂದಿಯವರ ಬಾಯಲ್ಲಿ ಅದಕ್ಕೆ ಕಸುವು, ಗುಂಡಿಗೆ ಎಂದರ್ಥ. ಬೀರಮ್ಮನ ಕಿವಿಗೆ ಬಿದ್ದದ್ದು ನಮ್ಮ ಕಡೆಯ ದಮ್ಮು, ಅಂದರೆ ಉಬ್ಬಸ. ಅವಳ ಸ್ವಂತ ಅಣ್ಣ ಸೋಮಯ್ಯ ಅದೇ ದಮ್ಮಿನಿಂದ ನರಳಿ, ಗೋಡೆಗೊರಗಿ ಕೂತಲ್ಲೇ ಪ್ರಾಣ ಬಿಟ್ಟವನು. ಬೀರಮ್ಮನ ಕೈಲಿದ್ದ ಮುದ್ದೆ ತಟ್ಟೆಯ ಹೊರಗೆ ಬಿತ್ತು. ಎದ್ದು ಹೋದವಳು ಬೇಲಿಯಿಂದ ಆಡುಸೋಗೆ ಸೊಪ್ಪು ಕಿತ್ತು ತಂದು ಕಷಾಯಕ್ಕಿಟ್ಟಳು. ಮಾರನೆಯ ದಿನ ಜಯಕುಮಾರನ ಓಟದ ಶೂಗಳು ಕಾಣೆಯಾದವು. ಮನೆಯೆಲ್ಲಾ ಜಾಲಾಡಿದ ಮೇಲೆ ಅವು ಹುಲ್ಲಿನ ಮೆದೆಯೊಳಗೆ ಸಿಕ್ಕವು.

"ಅತ್ತೆ, ಅವ್ರಿಗೆ ಕಾಯ್ಲೆ ಇಲ್ಲ. ಅದು ಬ್ಯಾರೆ ದಮ್ಮು" ಎಂದು ಸೊಸೆ ಸುಧ ಎಷ್ಟು ಹೇಳಿದರೂ ಬೀರಮ್ಮ ನಂಬಲಿಲ್ಲ. "ದಮ್ಮಲ್ಲೂ ಬ್ಯಾರೆಬ್ಯಾರೆ ಇರ್ತದಾ? ಸುಮ್ಕಿರು. ಎತ್ತೋಳ್ಗೆ ಗೊತ್ತು ಕರುಳಿನ ಸಂಕಟ" ಎಂದು ಕಷಾಯದ ಲೋಟ ಹಿಡಿದು ಬಾಗಿಲಿಗಡ್ಡ ನಿಲ್ಲುತ್ತಿದ್ದಳು. ಆ ಕಹಿಯನ್ನು ಕುಡಿದ ಮೇಲೆಯೇ ಜಯಕುಮಾರನಿಗೆ ಹೊಸ್ತಿಲು ದಾಟಲು ಅಪ್ಪಣೆ. ಪಾಪ, ಮಿಲಿಟರಿಯವನು ಶತ್ರುವಿಗೆ ಹೆದರದಿದ್ದರೂ ಹೆತ್ತವಳಿಗೆ ಹೆದರಬೇಕಲ್ಲ.

ಓಟ ನಡೆಯುತ್ತಿದ್ದದ್ದು ತೊಣ್ಣೂರು ಕೆರೆಯ ಕಡೆಗೆ. ಮಗಳು ಮೇಘನಳ ಹಳೆಯ ಸ್ಕೂಲ್ ಬ್ಯಾಗಿಗೆ ಕ್ರಷರಿನಿಂದ ತಂದ ಜಲ್ಲಿ ತುಂಬಿ ಬೆನ್ನಿಗೇರಿಸುತ್ತಿದ್ದ. ರೈಫಲಿನ ಬದಲು ಕೈಯಲ್ಲಿ ಗುದ್ದಲಿ ಕಾವು. ಹಿಂದೆ ಸುಧ ಸ್ಕೂಟಿಯಲ್ಲಿ. "ಇನ್ನೊಸಿ, ಇನ್ನೊಸಿ, ಆ ತೆಂಗಿನ ಮರದ್ ಗಂಟ ನಿಲ್ಬ್ಯಾಡಿ" ಎಂದು ಕೂಗುತ್ತಾ ಅವನನ್ನು ಅಟ್ಟಿಕೊಂಡು ಹೋಗುವಳು. ಎಮ್ಮೆ ಹೊಡೆದುಕೊಂಡು ಬರುವವರು ದಾರಿ ಬಿಟ್ಟು ನಿಂತು ನೋಡುತ್ತಿದ್ದರು. ಗಂಡ ಏನೋ ತಪ್ಪು ಮಾಡಿರಬೇಕು, ಹೆಂಡತಿ ಊರು ಬಿಟ್ಟು ಓಡಿಸುತ್ತಿದ್ದಾಳೆ ಎಂದು ಒಬ್ಬ ಮುದುಕ ನಿಜವಾಗಿಯೂ ತಿಳಿದು, ಸುಧಳಿಗೆ ಬುದ್ಧಿ ಹೇಳಲು ಬಂದದ್ದೂ ಉಂಟು.

ಒಂದು ದಿನ ಓಟ ಮುಗಿಸಿ ಲಿಂಗಣ್ಣನ ಹೋಟೆಲಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಲಿಂಗಣ್ಣ ಟೀ ಕೊಟ್ಟು, ಜಲ್ಲಿಯ ಚೀಲ ಎತ್ತಿ ನೋಡಿ, ನೆಲಕ್ಕಿಟ್ಟ.

"ಅಲ್ಲ ಕಣ್ಲಾ ಜಯ, ಯುದ್ಧ ಮಾಡೋನು ಓಡ್ಲಿ, ಒಪ್ಕತೀನಿ. ಒಗ್ಗರಣೆ ಆಕೋನು ಯಾಕ್ಲಾ ಓಡ್ಬೇಕು? ನಾಳೆ ನನ್ ತಾವ ಯಾರಾರ ಬಂದು, ಕೆರೆ ಸುತ್ತಾಕ್ಕಂಡು ಬಾ, ಆಮೇಲೆ ಟೀ ಕಾಸು ಅಂದ್ರೆ ನಾನ್ ಎಲ್ಲಿಗೋಗ್ಲಿ? ಅನ್ಯಾಯ ಅಲ್ವಾ ಇದು?"

ಅಲ್ಲಿ ಟೀ ಕುಡಿಯುತ್ತಾ ಕೂತಿದ್ದ ಊರವರೆಲ್ಲ ಹೂಂ ಎಂದರು. ಜಯಕುಮಾರನೂ ಹೂಂ ಎನ್ನುತ್ತಾನೆಂದು ಸುಧ ಅಂದುಕೊಂಡಿದ್ದಳು. ಅವನು ಲೋಟ ಕೆಳಗಿಟ್ಟ.

"ಇಲ್ಲ ಲಿಂಗಣ್ಣ, ಅಡ್ಗೆಯೋನೂ ಓಡ್ಬೇಕು. ಒಂದ್ಸಲ ಬೆಟ್ಟದ್ ಮ್ಯಾಲೆ ಇದ್ದೋ. ಹಿಮ ಬಿದ್ದು ರೋಡು ಮುಚ್ಕಂಡೋಯ್ತು. ಮ್ಯಾಲಿನ ಠಾಣೇಲಿ ಇದ್ದೋರ್ಗೆ ಉಣ್ಣೋಕಿಲ್ಲ. ಕ್ಯಾನಲ್ಲಿ ಬಿಸಿ ದಾಲು ತುಂಬ್ಕಂಡು ನಾವೇ ಒತ್ಕಂಡು ಒಂಟೋ. ಅರ್ಧ ದಾರೀಲಿ ನನ್ ಉಸ್ರು ನಿಂತೋಯ್ತು. ಕೂತ್ಬುಟ್ಟೆ. ನನ್ ಕ್ಯಾನನ್ನ ಇನ್ನೊಬ್ಬ ಒತ್ಕಂಡೋದ, ಅವನ್ದೂ ಸೇರ್ಸಿ ಎರಡು. ಆ ದಿನ ನಾಚ್ಕೆ ಆಯ್ತು ಕಣಣ್ಣೋ. ಟೆಸ್ಟು ಇರ್ಲಿ. ಟೆಸ್ಟಿನ ಮ್ಯಾಲೆ ನಂಗೇನೂ ಸಿಟ್ಟಿಲ್ಲ."

"ಮತ್ಯಾತರ ಮ್ಯಾಲ್ಲಾ ಸಿಟ್ಟು?"

ಇಷ್ಟು ವರ್ಷ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ನಿಧಾನಕ್ಕೆ ಹೇಳಿದ. ಟೆಸ್ಟಿನ ದಿನ ಓಡುವವರಿಗೆಲ್ಲ ನಾಷ್ಟಾ ಆಗಬೇಕು. ಮಿಕ್ಕವರು ಹಿಂದಿನ ಸಂಜೆ ಬೇಗ ಮಲಗುತ್ತಾರೆ. ಅಡುಗೆಯವರು ಸರಿರಾತ್ರಿಗೇ ಎದ್ದು ಹಿಟ್ಟು ನಾದಿ, ಪೂರಿ ಲಟ್ಟಿಸಿ, ಕಾದ ಎಣ್ಣೆಯ ಮುಂದೆ ನಿಂತು ಎಲ್ಲರಿಗೂ ಬಡಿಸಿ, ಏಪ್ರನ್ನು ಬಿಚ್ಚಿಟ್ಟು ಅದೇ ಕಾಲಿನಲ್ಲಿ ಬಂದು ಅದೇ ಗೆರೆಯ ಮೇಲೆ ನಿಲ್ಲುತ್ತಾರೆ. ಸೀಟಿ ಎಲ್ಲರಿಗೂ ಒಂದೇ. ಗಡಿಯಾರ ಎಲ್ಲರಿಗೂ ಒಂದೇ. "ರಾತ್ರಿ ಮಾತ್ರ ಒಂದೇ ಅಲ್ಲ ಲಿಂಗಣ್ಣ" ಎಂದ.

ಸುಧಳಿಗೆ ಸಿಟ್ಟು ಬಂದಿತ್ತು, ಅದೂ ಗಂಡನ ಮೇಲೆ.

"ಇದ್ನ ಲಿಂಗಣ್ಣಂಗೆ ಯೋಳಿ ಏನ್ ಉಪ್ಯೋಗ? ಲಿಂಗಣ್ಣ ಕೊಡ್ತಾನಾ ಪಟ್ಟಿಯ? ಯಾರ್ಗೆ ಯೋಳ್ಬೇಕೋ ಅವ್ರಿಗ್ಯೋಳಿ!"

"ಎಂಗೆ ಯೋಳದು? ಓಡಕ್ಕಾಗ್ದೋನು ನೆಪ ತಗೀತಾವ್ನೆ ಅಂತಾರೆ."

"ಅನ್ಲಿ. ಒಂದ್ಸಲ ಅಂತಾರೆ. ಆಮೇಲೆ ಯೋಚ್ನೆ ಮಾಡ್ತಾರೆ."

ಹೇಳುವುದು ಸುಲಭ. ಮಿಲಿಟರಿಯಲ್ಲಿ ಮೇಲಿನವರಿಗೆ 'ಹೀಗಲ್ಲ, ಹಾಗೆ' ಎನ್ನುವುದು ಎಷ್ಟು ಕಷ್ಟ ಎಂಬುದು ಸುಧಳಿಗೇನು ಗೊತ್ತು ಎಂದುಕೊಂಡು ಜಯಕುಮಾರ್ ಜಲ್ಲಿಯ ಚೀಲ ಹೆಗಲಿಗೇರಿಸಿ ಮನೆಗೆ ನಡೆದ.

ರಜೆ ಮುಗಿಯುತ್ತಾ ಬಂದಾಗ ಅವನ ಸುಬೇದಾರ್ ಸಾಹೇಬರ ಫೋನು ಬಂತು. ಹರಿಯಾಣದವರು, ಒಳ್ಳೆಯ ಮನುಷ್ಯ, ಆದರೆ ನೇರ ಮಾತು. ಟೆಸ್ಟಿಗೆ ಹೆಸರು ಕೊಡುವ ಹೊತ್ತು. ಎರಡು ಸಲ ಫೇಲಾದವನನ್ನು ಮತ್ತೆ ನಿಲ್ಲಿಸಿ ಅವಮಾನ ಮಾಡುವುದೇಕೆ, ಬಿಟ್ಟೇಬಿಡೋಣವೇ ಎಂದು ಕೇಳಲು ಮಾಡಿದ್ದರು. ಜಯಕುಮಾರ್ ಹಿತ್ತಲಲ್ಲಿ ಸ್ನಾನಕ್ಕೆ ಹೋಗಿದ್ದ. ಫೋನು ಎತ್ತಿಕೊಂಡದ್ದು ಬೀರಮ್ಮ.

ಆ ಕಡೆ ಗಂಡಸಿನ ದನಿ, ಹಿಂದಿ, ನಡುವೆ 'ಜಯಕುಮಾರ್' ಎಂಬ ಹೆಸರು. ಬೀರಮ್ಮನಿಗೆ ಅಷ್ಟು ಸಾಕಾಯಿತು. ಮಗನನ್ನು ಓಡಿಸಿ ಕೊಲ್ಲುತ್ತಿರುವವನು ಇವನೇ! ಎರಡೂ ಕೈಯಲ್ಲಿ ಫೋನು ಹಿಡಿದು ಕೂಗಿದಳು: "ಸ್ವಾಮೀ, ನಿಮ್ ದಮ್ಮಯ್ಯ ಅಂತೀನಿ, ನನ್ ಮಗಂಗೆ ದಮ್ಮು! ಬೋ ದಮ್ಮು ಐತೆ!"

ಸುಬೇದಾರರಿಗೆ ಅಷ್ಟರಲ್ಲಿ ತಿಳಿದದ್ದು ಒಂದೇ ಪದ. "ದಮ್? ದಮ್ ಹೈ, ಮಾಜೀ?" ಎಂದರು.

ಟಿವಿ ನೋಡಿ ಕಲಿತ ಒಂದೇ ಒಂದು ಹಿಂದಿ ಮಾತನ್ನು ಬೀರಮ್ಮ ಅವತ್ತು ಖರ್ಚು ಮಾಡಿದಳು. "ಹೈ! ಹೈ ಸ್ವಾಮಿ! ಬೋ ಹೈ!"

ಒದ್ದೆ ಮೈಯಲ್ಲಿ ಓಡಿ ಬಂದ ಜಯಕುಮಾರ್ ಫೋನು ಕಿತ್ತುಕೊಂಡಾಗ ಆ ಕಡೆ ಸುಬೇದಾರರು ಬಿದ್ದು ಬಿದ್ದು ನಗುತ್ತಿದ್ದರು. ಮಗನಲ್ಲಿ ದಮ್ಮಿದೆ, ಬಹಳ ದಮ್ಮಿದೆ ಎಂದು ತಾಯಿ ಎದೆ ತಟ್ಟಿ ಹೇಳುವಾಗ ಹೆಸರು ಬಿಡಲು ನಾನ್ಯಾರು, ಸೇರಿಸಿದ್ದೇನೆ, ಬಾ ಎಂದರು. ನಗುತ್ತಿರುವ ಮೇಲಧಿಕಾರಿ ದಿನಾ ಸಿಗುವುದಿಲ್ಲ. ಬಾಗಿಲಲ್ಲಿ ಸುಧ ನಿಂತು ಕಣ್ಣಲ್ಲೇ 'ಯೋಳಿ' ಅನ್ನುತ್ತಿದ್ದಳು. ಜಯಕುಮಾರ್ ತನಗೆ ಬರುವ ಹಿಂದಿಯಲ್ಲಿ, ಪೂರಿಯ ಸಂಗತಿಯೆಲ್ಲವನ್ನೂ ಹೇಳಿಬಿಟ್ಟ. ಟೆಸ್ಟು ತೆಗೆಯಿರಿ ಎಂದು ಕೇಳಲಿಲ್ಲ, ಟೈಮು ಹೆಚ್ಚು ಕೊಡಿ ಎಂದೂ ಕೇಳಲಿಲ್ಲ. ಹಿಂದಿನ ರಾತ್ರಿ ಮಲಗಲು ಬಿಡಿ ಎಂದಷ್ಟೇ ಕೇಳಿದ.

ಸುಬೇದಾರರ ನಗು ನಿಂತಿತ್ತು. "ಆ ಪೂರಿ ನಾನೂ ತಿಂದು ಓಡಿದ್ದೇನೆ. ಒಂದು ದಿನವೂ ಹೊಳೆಯಲಿಲ್ಲ" ಎಂದರು. ಕಂಪನಿ ಸಾಹೇಬರನ್ನು ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದೂ ಸೇರಿಸಿದರು. ಫೋನಿಟ್ಟ ಜಯಕುಮಾರನ ಮೈಯಿಂದ ಇನ್ನೂ ನೀರು ಇಳಿಯುತ್ತಿತ್ತು. ಸುಧ ಟವೆಲ್ಲು ತಂದು ಹೆಗಲಿಗೆ ಹೊದಿಸಿದಳು. ಬೀರಮ್ಮ ಮಾತ್ರ, ದೊಡ್ಡ ಸಾಹೇಬರಿಗೇ ಹೇಳಿ ಮಗನ ಜೀವ ಉಳಿಸಿದೆ ಎಂಬ ನೆಮ್ಮದಿಯಲ್ಲಿ ಅವತ್ತು ಹೊಟ್ಟೆ ತುಂಬ ಉಂಡಳು.

ಸಾಹೇಬರು ಒಪ್ಪಿದರು. ಆ ಸಲದ ಟೆಸ್ಟಿನ ನಾಷ್ಟಾವನ್ನು ಟೆಸ್ಟು ಮುಗಿಸಿದ್ದ ಇನ್ನೊಂದು ಕಂಪನಿಯ ಜವಾನರು ಮಾಡಿದರು. ಪೂರಿ ಎಂದು ಬಡಿಸಿದ್ದು ಅರ್ಧ ಹಪ್ಪಳ, ಅರ್ಧ ಹಸಿ ಹಿಟ್ಟು. ಯಾರೂ ಕೊಂಕು ತೆಗೆಯಲಿಲ್ಲ. ತೆಗೆದಿದ್ದರೆ ಮುಂದಿನ ಸಲ ಅವರೇ ಲಟ್ಟಿಸಬೇಕಾಗುತ್ತಿತ್ತು. ಜಯಕುಮಾರ್ ರಾತ್ರಿಯೆಲ್ಲ ಗೊರಕೆ ಹೊಡೆದು ಎದ್ದು, ಗೆರೆಯ ಮೇಲೆ ನಿಂತ. ಪಕ್ಕದಲ್ಲಿ ನಾಗರಾಜು. ಸೀಟಿ ಊದಿದರು.

ಅವನು ಹಾರಿಕೊಂಡೇನೂ ಹೋಗಲಿಲ್ಲ. ಕೊನೆಯ ಏರಿನಲ್ಲಿ ಪಕ್ಕೆ ಹಿಡಿದುಕೊಂಡಿತು, ಚೀಲ ಹಿಂದಕ್ಕೆ ಜಗ್ಗಿತು, ಬೆಟ್ಟದ ದಾರಿಯಲ್ಲಿ ಕೂತದ್ದು ನೆನಪಾಯಿತು. ಈ ಸಲ ಕೂರುವುದಿಲ್ಲ ಎಂದು ಹಲ್ಲು ಕಚ್ಚಿ ಓಡಿದ. ಗೆರೆ ದಾಟಿ ನೆಲಕ್ಕೆ ಬಿದ್ದವನಿಗೆ ಸುಬೇದಾರರು ಗಡಿಯಾರ ತೋರಿಸಿ ಬೆನ್ನು ತಟ್ಟಿದರು. ಹೊತ್ತು ಸ್ವಲ್ಪವೇ ಉಳಿದಿತ್ತು, ಆದರೆ ಉಳಿದಿತ್ತು. ಹಗ್ಗ, ಹಳ್ಳ ಅವನಿಗೆ ಹೇಗೂ ಲೆಕ್ಕಕ್ಕಿಲ್ಲ, ಇನ್ನು ಜಯಕುಮಾರ್ ಪಾಸಾದ ಹಾಗೆಯೇ. ಮುಖಕ್ಕೆ ಟೋಪಿ ಮುಚ್ಚಿಕೊಂಡು ಅಲ್ಲೇ ಅತ್ತ.

ನಾಗರಾಜು ಬಂದದ್ದು ಗಡಿಯಾರ ನಿಲ್ಲಿಸಿದ ಮೇಲೆ. ಫೇಲು. ಮೂರನೆಯ ಸಲ. ಅವನ ಮುಖ ನೋಡಲು ಜಯಕುಮಾರನಿಗೆ ಧೈರ್ಯವಾಗಲಿಲ್ಲ. ಇಷ್ಟೆಲ್ಲ ಮಾಡಿಯೂ ಇವನಿಗೆ ಸಿಕ್ಕಿದ್ದೇನು ಎನಿಸಿತು. ಹತ್ತಿರ ಹೋಗಿ ನೀರಿನ ಬಾಟಲಿ ಕೊಟ್ಟು, "ಬೇಜಾರ್ ಮಾಡ್ಕಬ್ಯಾಡ ಕಣ್ಲಾ" ಎಂದ.

ನಾಗರಾಜು ನೀರು ಕುಡಿದು, ಬಾಯಿ ಒರೆಸಿಕೊಂಡ. ಅವನ ಮುಖದಲ್ಲಿ ಬೇಜಾರಿತ್ತು, ಆದರೆ ಹಿಂದಿನ ಎರಡು ಸಲದ ಉರಿ ಇರಲಿಲ್ಲ.

"ಓದ್ಸಲ ನನ್ ನಿದ್ದೆ ಫೇಲಾಗಿತ್ತು ಕಣ್ಲಾ. ಈ ಸಲ ನಾನೇ ಫೇಲಾದೆ. ಬಡ್ತಿ ಓದ್ರೆ ಓಗ್ಲಿ, ಮುಂದಿನ್ ವರ್ಷ ಈ ಗೆರೇನ ಟೈಮಿಗೆ ದಾಟ್ದೆ ಬುಡೋನಲ್ಲ. ನಾಳಿಂದ ಓಡ್ತೀನಿ. ಬತ್ತೀಯಾ?"

ಮಾರನೆಯ ಸಂಜೆ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಇಬ್ಬರೂ ಶೂ ಕಟ್ಟಿಕೊಂಡು ಮೈದಾನಕ್ಕೆ ಹೊರಟರು. ಪಾಸಾದವನಿಗೆ ಓಡುವ ಜರೂರೇನೂ ಇರಲಿಲ್ಲ. ಆದರೂ ಜಯಕುಮಾರ್ ನಾಗರಾಜುವಿನ ಪಕ್ಕದಲ್ಲೇ, ಅವನಿಗಿಂತ ಮುಂದೆ ಹೋಗದಂತೆ ಹೆಜ್ಜೆ ತಡೆದುಕೊಂಡು, ಕತ್ತಲಾಗುವವರೆಗೆ ಓಡಿದ.